ಬೆಳಗಿನ ಅರ್ಧ ಗಂಟೆ

ರೇಡಿಯೋದಲ್ಲಿ ದಿನವೂ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ನಡೆಸಿಕೊಡುತ್ತೇನೆ ಎಂದಾಗ ಜನ ಮೊದಲು ಕೇಳುವುದು, 'ಅಷ್ಟೊತ್ತು ಏನ್ ಮಾತಾಡ್ತೀರಿ?' ಎಂದು. ಅರ್ಧ ಗಂಟೆಯಲ್ಲಿ ನನ್ನ ಮಾತು ಎರಡು ನಿಮಿಷ ಮುಟ್ಟಿದರೆ ಹೆಚ್ಚು. ನಿಜವಾದ ಕೆಲಸವೆಲ್ಲ ಮೈಕಿನ ಮುಂದೆ ಕೂರುವ ಮೊದಲೇ ಮುಗಿದಿರಬೇಕು: ಯಾವ ಧ್ವನಿಮುದ್ರಣ, ಎಲ್ಲಿಂದ, ಎಲ್ಲಿಯ ತನಕ.

ಇದರಲ್ಲಿ 'ಎಲ್ಲಿಯ ತನಕ' ಅನ್ನುವುದೇ ಕಷ್ಟದ್ದು. ಅರ್ಧ ಗಂಟೆ ಆದ ಕೂಡಲೇ ವಾರ್ತೆ. ವಾರ್ತೆ ಯಾರಿಗೂ ಕಾಯುವುದಿಲ್ಲ, ಭೀಮಸೇನ ಜೋಶಿಯವರಿಗೂ ಇಲ್ಲ. 78 ಆರ್‌ಪಿಎಂ ತಟ್ಟೆಗಳ ಕಾಲದ ಹಾಡು ಮೂರು ಚಿಲ್ಲರೆ ನಿಮಿಷ. ಎಷ್ಟು ಬೇಕೋ ಅಷ್ಟು ಜೋಡಿಸಿಕೊಳ್ಳಬಹುದು. ಎಲ್‌ಪಿಯ ಒಂದು ಬದಿ 20 ನಿಮಿಷದ ಆಸುಪಾಸು, ಅದೂ ಹೊಂದುತ್ತದೆ. ಕಛೇರಿಯ ಟೇಪು ಮಾತ್ರ ಗಂಟೆ ದಾಟುತ್ತದೆ, ಅದರಲ್ಲಿ ಅರ್ಧವನ್ನು ಬಿಡಲೇಬೇಕು. ವಿಲಂಬಿತ ಏಕತಾಲಕ್ಕೆ 12 ಮಾತ್ರೆ. ತೀರ ನಿಧಾನವಾಗಿ ಹಾಡುವವರಲ್ಲಿ ಒಂದು ಆವರ್ತನಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ ಹಿಡಿಯುತ್ತದೆ. ಅಂದ ಮೇಲೆ ವಾರ್ತೆಗೆ 40 ಸೆಕೆಂಡ್ ಇರುವಾಗ ಗಡಿಯಾರ ನೋಡಿ ಏನೂ ಪ್ರಯೋಜನವಿಲ್ಲ, ಮುಂದಿನ ಸಮ್, ಅಂದರೆ ಆವರ್ತನದ ಮೊದಲ ಮಾತ್ರೆ, ಅಷ್ಟರೊಳಗೆ ಸಿಗುವ ಖಾತ್ರಿ ಇಲ್ಲ. ಹಿಂದಿನ ದಿನವೇ ಕೂತು ಕೇಳಿ, ಇಂಥ ಸಮ್‌ಗೆ ಇಳಿಸುವುದು ಎಂದು ಕ್ಯೂ ಶೀಟಿನಲ್ಲಿ ಗುರುತು ಹಾಕಿಕೊಂಡಿರಬೇಕು. ಗಾಯಕರು ಸಮ್‌ಗೆ ಬಂದು ನಿಂತ ಮೇಲೆ ಫೇಡರ್ ಮೆಲ್ಲಗೆ ಇಳಿಸಿದರೆ ಹಾಡು ತಾನಾಗಿ ಮುಗಿದ ಹಾಗೆಯೇ ಕೇಳಿಸುತ್ತದೆ. ಸಮ್‌ಗೆ ಕರೆದೊಯ್ಯುವ ಮುಖಡಾ ಎತ್ತಿಕೊಳ್ಳುತ್ತಿರುವಾಗ ಇಳಿಸಿದಿರೋ, ತುತ್ತು ಬಾಯಿಗೆ ಹೋಗುವಾಗ ತಟ್ಟೆ ಎಳೆದುಕೊಂಡ ಹಾಗೆ.

ಕರ್ನಾಟಕ ಸಂಗೀತದ ವಾರ ಈ ತಾಪತ್ರಯ ಕಡಿಮೆ. ಏಳೆಂಟು ನಿಮಿಷದ ಮೂರು ಕೃತಿ ಇಟ್ಟರೆ ಲೆಕ್ಕ ಸರಿಹೋಗುತ್ತದೆ. ರಾಗ ತಾನ ಪಲ್ಲವಿಯ ಆಸೆ ಬಿಡಬೇಕು, ಅಷ್ಟೇ. ತನಿ ಆವರ್ತನ ಶುರುವಾದಾಗಲೇ ಸಮಯ ಮುಗಿದುಹೋಗುವುದು ಮೃದಂಗದವರಿಗೆ ರೇಡಿಯೋ ಮೊದಲಿನಿಂದಲೂ ಮಾಡಿಕೊಂಡು ಬಂದ ಅನ್ಯಾಯ.

ಇನ್ನು ಹೊತ್ತಿನ ಮಾತು. ಬೆಳಗಿನ ಕಾರ್ಯಕ್ರಮದವರಿಗೆ ಹಿಂದೂಸ್ತಾನಿಯ ಅರ್ಧ ಆಸ್ತಿ ನಿಷಿದ್ಧ. ಭೈರವ, ಅಹೀರ್ ಭೈರವ, ತೋಡಿ, ಬಿಲಾವಲ್ ನಮ್ಮವು. ಯಮನ್, ಪೂರಿಯಾ, ಮಾರ್ವಾ ಸಂಜೆಯವರ ಪಾಲು. ಉಸ್ತಾದ್ ಅಮೀರ್ ಖಾನ್ ಅವರ ಪ್ರಸಿದ್ಧ ಎಲ್‌ಪಿಯೊಂದಿದೆ. ಒಂದು ಬದಿಗೆ ಮಾರ್ವಾ, ಇನ್ನೊಂದಕ್ಕೆ ದರ್ಬಾರಿ. ಒಂದು ಸೂರ್ಯ ಮುಳುಗುವ ಹೊತ್ತಿನದು, ಮತ್ತೊಂದು ನಡುರಾತ್ರಿಯದು. ನನಗಿಷ್ಟವಾದ ತಟ್ಟೆ, ಆದರೆ ಅದರ ಯಾವ ಬದಿಯೂ ನನ್ನ ಕೆಲಸಕ್ಕೆ ಬರುವುದಿಲ್ಲ. ದಕ್ಷಿಣಾದಿಯಲ್ಲಿ ಇಷ್ಟು ಬಿಗಿ ಇಲ್ಲ, ಬೆಳಿಗ್ಗೆ ಕಲ್ಯಾಣಿ ಹಾಕಿದರೂ ಯಾರೂ ಜಗಳಕ್ಕೆ ಬರುವುದಿಲ್ಲ.

ಬೆಳಿಗ್ಗೆ ಯಮನ್ ಹಾಕಿದರೆ ಆಗುವ ಅನಾಹುತ ಏನು ಎಂದು ಹೊಸದಾಗಿ ಬಂದ ಹುಡುಗರು ಕೇಳುತ್ತಾರೆ. ಏನೂ ಆಗುವುದಿಲ್ಲ. ನಾನು ಸಮಯದ ನಿಯಮ ಪಾಲಿಸುವುದು ಶಾಸ್ತ್ರಕ್ಕೆ ಹೆದರಿ ಅಲ್ಲ. ದಿನಾ ಇದೇ ಹೊತ್ತಿಗೆ ಇದೇ ಜಾತಿಯ ಸ್ವರಗಳು ಕಿವಿಗೆ ಬೀಳುತ್ತಿದ್ದರೆ, ಹೆಸರು ಗೊತ್ತಿಲ್ಲದವರಿಗೂ ಕೋಮಲ ರಿಷಭದ ಪರಿಚಯ ತಂತಾನೇ ಆಗಿಬಿಡುತ್ತದೆ. ದಿನನಿತ್ಯದ ಕಾರ್ಯಕ್ರಮಕ್ಕೆ ಇರುವ ದೊಡ್ಡ ಅನುಕೂಲವೇ ಇದು; ವರ್ಷಕ್ಕೊಮ್ಮೆ ನಡೆಯುವ ಸಂಗೀತೋತ್ಸವಕ್ಕೆ ಈ ಭಾಗ್ಯ ಇಲ್ಲ.

ಎರಡೂ ಪದ್ಧತಿ ಕೇಳುವ ನಮ್ಮ ರಾಜ್ಯದಲ್ಲಿ ಹೆಸರಿನ ಗೊಂದಲ ಬೇರೆ ಇದೆ. ನಮ್ಮ ಕರ್ನಾಟಕ ಪದ್ಧತಿಯ ಹಿಂದೋಳ ಹಿಂದೂಸ್ತಾನಿಯವರಲ್ಲಿ ಮಾಲ್‌ಕೌನ್ಸ್. ಅವರ ಹಿಂದೋಲ್ ಬೇರೆಯೇ ರಾಗ. ನಮ್ಮ ತೋಡಿಯ ಸ್ವರಗಳು ಅವರ ಭೈರವಿಯ ಹತ್ತಿರ. ಅವರ ತೋಡಿ ನಮ್ಮ ಶುಭಪಂತುವರಾಳಿಯ ಹತ್ತಿರ. ಮೈಸೂರು ಕಡೆಯಿಂದ ಬಂದು ಹುಬ್ಬಳ್ಳಿಯಲ್ಲಿ ನೆಲೆಸಿದವರು 'ಇದೆಂಥಾ ತೋಡಿ?' ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅಂಥ ಕಡೆ ಒಂದು ವಾಕ್ಯ ಹೇಳಿ ಮುಂದೆ ಹೋಗುತ್ತೇನೆ. ಆರೋಹಣ ಅವರೋಹಣ ಹೇಳಲು ಹೋಗುವುದಿಲ್ಲ. ಬಲ್ಲವರಿಗೆ ಅದು ಬೇಡ, ಅರಿಯದವರು ಅಷ್ಟರಲ್ಲಿ ರೇಡಿಯೋ ಆರಿಸಿರುತ್ತಾರೆ.

ಆದರೆ ಕಲಾವಿದರ ಹೆಸರನ್ನು ಎರಡು ಸಲ ಹೇಳಬೇಕು. ಹಾಡಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಮತ್ತೊಮ್ಮೆ. ಕೇಳುಗರಲ್ಲಿ ಬಹಳ ಮಂದಿ ನಡುವೆ ಸೇರಿಕೊಂಡವರು. ಇದರ ಮರ್ಮವನ್ನು 1902ರಲ್ಲೇ ಗ್ರಾಮಫೋನ್ ತಟ್ಟೆಗೆ ಹಾಡಿದ ಗಾಯಕಿ ಗೌಹರ್ ಜಾನ್ ತೋರಿಸಿದ್ದರು. ತಟ್ಟೆ ಒತ್ತುವ ಕಾರ್ಖಾನೆ ಇದ್ದದ್ದು ಜರ್ಮನಿಯಲ್ಲಿ. ಅಲ್ಲಿಯವರಿಗೆ ಯಾರ ಹಾಡು ಎಂದು ತಿಳಿಯಲಿ ಎಂದು ಹಾಡಿನ ಕೊನೆಗೆ ಆಕೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಘೋಷಿಸುತ್ತಿದ್ದರು. ಅಷ್ಟು ಠೀವಿಯ ಘೋಷಣೆ ನಮ್ಮಲ್ಲಿ ಯಾರಿಗೂ ಸಿದ್ಧಿಸಿಲ್ಲ ಎಂಬುದು ನನ್ನ ಅಭಿಪ್ರಾಯ. ಪಕ್ಕವಾದ್ಯದವರಿಗೆ ಹೀಗೆ ಹೇಳಿಕೊಳ್ಳುವ ಅವಕಾಶ ಇರಲಿಲ್ಲ. ಅವರ ಹೆಸರನ್ನು ನಾವು ಹೇಳದಿದ್ದರೆ ಇನ್ನಾರೂ ಹೇಳುವುದಿಲ್ಲ.

ಹಳೆಯ ಟೇಪುಗಳಲ್ಲಿ ಪಕ್ಕವಾದ್ಯವಾಗಿ ಸಾರಂಗಿ ಹೆಚ್ಚಾಗಿ ಕೇಳಿಸುವುದಕ್ಕೆ ಒಂದು ಕಾರಣ ಇದೆ. 1940ರಿಂದ 1971ರ ತನಕ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧ ಇತ್ತು. ನನಗೆ ಸಾರಂಗಿ ಪ್ರಾಣ. ಆದರೆ ಬೆಳಿಗ್ಗೆ ಬೆಳಿಗ್ಗೆ ಸಾರಂಗಿ ಸೋಲೊ ಹಾಕಿದ ದಿನ ಡ್ಯೂಟಿ ರೂಮಿನ ಫೋನು ಹೊಡೆದುಕೊಳ್ಳುತ್ತದೆ: 'ಅಕ್ಕಾರ, ಯಾರ್ ತೀರ್ಕೊಂಡ್ರೀ?' ತಮಾಷೆಗಲ್ಲ, ಗಾಬರಿಯಿಂದಲೇ ಕೇಳುತ್ತಾರೆ. ರಾಷ್ಟ್ರನಾಯಕರು ತೀರಿಕೊಂಡಾಗ ಸಿನಿಮಾ ಹಾಡು ನಿಲ್ಲಿಸಿ ದಿನಗಟ್ಟಲೆ ವಾದ್ಯಸಂಗೀತ ಹಾಕುತ್ತಿದ್ದ ಕಾಲ ನೆನಪಿರುವವರಿಗೆ ಶಾಸ್ತ್ರೀಯ ಸಂಗೀತ ಎಂದರೆ ಸೂತಕ. ಎಷ್ಟೋ ಮನೆಗಳಲ್ಲಿ ಈ ಸಂಗೀತ ಒಳಗೆ ಬಂದದ್ದೇ ಸಾವಿನ ಸುದ್ದಿಯ ಜೊತೆ. ಈಗ ಸಾರಂಗಿಯನ್ನು ಎರಡನೆಯದಾಗಿ ಇಡುತ್ತೇನೆ, ಮೊದಲು ದ್ರುತ್‌ನಲ್ಲಿ ಒಂದು ಉಲ್ಲಾಸದ ಬಂದಿಶ್.

ನನ್ನ ಮನಸ್ಸು ಪೂರ್ತಿ ಬದಲಾದದ್ದು ಅಪರೂಪದ ರಾಗಗಳ ವಿಷಯದಲ್ಲಿ. ಧಾರವಾಡದ ಸೀಮೆಯಲ್ಲಿ ಅವನ್ನೇ ಹಾಕುವ ಚಪಲ ಸಹಜ. ಮಲ್ಲಿಕಾರ್ಜುನ ಮನ್ಸೂರರು ಜೈಪುರ–ಅತ್ರೌಲಿ ಘರಾನೆಯವರು. ಶಿವಮತ ಭೈರವ, ಖಟ್ ಮೊದಲಾದ ಅಪರೂಪದ ರಾಗಗಳು ಅವರ ಬಾಯಲ್ಲಿ ಲೀಲಾಜಾಲ. ಧಾರವಾಡ ಆಕಾಶವಾಣಿಗೆ ಅವರು ಸಂಗೀತ ಸಲಹೆಗಾರರೂ ಆಗಿದ್ದರು. ಅಂಥ ಊರಲ್ಲಿ ದಿನಾ ಭೈರವ, ತೋಡಿ ಹಾಕಿದರೆ ಬಲ್ಲವರು ಏನೆಂದಾರು ಎಂಬ ಅಂಜಿಕೆ ಇದ್ದೇ ಇರುತ್ತದೆ. ಆದರೆ ಮನ್ಸೂರರ ಎದುರು ಕೂತವರು ಪ್ರಚಲಿತ ರಾಗಗಳನ್ನು ಅರಗಿಸಿಕೊಂಡವರು. ಬೆಳಿಗ್ಗೆ ರೇಡಿಯೋ ಹಚ್ಚಿ ರೊಟ್ಟಿ ಬಡಿಯುವವರು, ಅಂಗಡಿ ಕಸ ಗುಡಿಸುವವರು, ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವವರು ಅವರಂತಲ್ಲ.

ದರ್ಜಿಯೊಬ್ಬರು ಫೋನು ಮಾಡಿ, 'ನಿನ್ನಿದನ್ನ ಮತ್ತೊಮ್ಮೆ ಹಚ್ಚ್ರಿ, ಅರ್ಧಾನೂ ತಿಳೀಲಿಲ್ಲ' ಎಂದರು. ಆಮೇಲೆ ಒಂದು ವಾರಪೂರ್ತಿ ತೋಡಿಯನ್ನೇ ಇಟ್ಟು ನೋಡಿದೆ: ಒಂದು ದಿನ ಗಂಗೂಬಾಯಿ ಹಾನಗಲ್ಲರದು, ಮರುದಿನ ಭೀಮಸೇನ ಜೋಶಿಯವರದು, ಅದರ ಮರುದಿನ ಬಿಸ್ಮಿಲ್ಲಾ ಖಾನರ ಶಹನಾಯಿ. 'ನಿಮ್ಮಲ್ಲಿ ಬೇರೆ ಟೇಪಿಲ್ಲವೇ?' ಎಂಬ ವ್ಯಂಗ್ಯದ ಪತ್ರ ಬಂತು, ನಿಜ. ಆದರೆ ವಾರದ ಕೊನೆಗೆ ಅದೇ ದರ್ಜಿ ಮತ್ತೆ ಫೋನು ಮಾಡಿ, ಶಹನಾಯಿಯಲ್ಲಿ ಬಂದದ್ದೂ ಬಾಯಿಯವರು ಹಾಡಿದ್ದೂ ಒಂದೇ ಅಲ್ಲವೇ ಎಂದು ಕೇಳಿದರು. ಅಪರೂಪದ ಟೇಪು ನೂರು ಹಾಕಿದರೂ ಇಂಥ ಒಂದು ಫೋನು ಬರುವುದಿಲ್ಲ. ಈಗ ಹೊಸ ರಾಗಕ್ಕೆ ತಿಂಗಳಿಗೆ ಒಂದೆರಡು ದಿನ ಮೀಸಲು. ಮಿಕ್ಕ ದಿನ ಅವೇ ಏಳೆಂಟು ರಾಗ, ಬೇರೆ ಬೇರೆ ಕಂಠ, ಬೇರೆ ಬೇರೆ ವಾದ್ಯ.

ಕೇಳಬೇಕು ಎನಿಸಿದವರಿಗೆ ಇಂದು ರೇಡಿಯೋ ಸೆಟ್ಟೂ ಬೇಕಿಲ್ಲ. ಆಕಾಶವಾಣಿಯ 'ರಾಗಂ' ವಾಹಿನಿ 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾಯಿತು. ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತವೇ. 'ನ್ಯೂಸ್ ಆನ್ ಏರ್' ಆ್ಯಪ್ ಹಾಕಿಕೊಂಡರೆ ಫೋನಿನಲ್ಲೇ ಸಿಗುತ್ತದೆ. ನಿಮಗೆ ಅನುಕೂಲವಾದ ಒಂದು ಹೊತ್ತು ಹಿಡಿದುಕೊಳ್ಳಿ, ದಿನಾ ಅದೇ ಹೊತ್ತಿಗೆ ಕೇಳಿ. ಮೊದಲ ತಿಂಗಳು ರಾಗದ ಹೆಸರಿನ ಗೊಡವೆ ಬೇಡ. ನಿಮ್ಮ ಊರಿನ ನಿಲಯಕ್ಕೆ ಒಂದು ಕಾರ್ಡೂ ಬರೆಯಿರಿ, ಇಂಥದ್ದನ್ನು ಮತ್ತೆ ಹಾಕಿ ಎಂದು. ಟೇಪು ತಿರುಗಿ ಹಾಕಿದ್ದೇಕೆ ಎಂದು ಮೇಲಿನವರು ಕೇಳಿದಾಗ ತೋರಿಸಲು ನಮ್ಮ ಹತ್ತಿರ ಇರುವುದು ಆ ಕಾರ್ಡು ಮಾತ್ರ.