ಚುಕ್ಕಿಗೆ ಆಟ ಬೇಕು

ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲಿ ಬೆಕ್ಕು ಇದೆಯೇ? ಅದು ದಿನವೆಲ್ಲ ಏನು ಮಾಡುತ್ತದೆ?

"ಏನ್ ಮಾಡತೈತ್ರಿ, ತಿನ್ನತೈತಿ, ಮಲಗತೈತಿ" ಎನ್ನುತ್ತೀರಿ. ನಿಜವೇ. ಬೆಕ್ಕು ದಿನಕ್ಕೆ 12 ರಿಂದ 16 ತಾಸು ಮಲಗುತ್ತದೆ. ಉಳಿದ ತಾಸುಗಳಲ್ಲಿ ಅದಕ್ಕೆ ಏನು ಬೇಕು? ರಾಣೇಬೆನ್ನೂರಿನ ಒಂದು ಮನೆಯ ಕಥೆ ಓದೋಣ. ಇಂಥ ಮನೆ ನಿಮ್ಮ ಓಣಿಯಲ್ಲೂ ಇರಬಹುದು.

ಹೆದ್ದಾರಿಯ ಹತ್ತಿರ ಒಂದು ಓಣಿ. ಅಲ್ಲಿ ಅತ್ತೆ, ಮಗ, ಸೊಸೆ, ಒಂದು ಕೂಸು ಇರುವ ಮನೆ. ಹೊಲದಿಂದ ಬಂದ ಗೋವಿನಜೋಳದ ಚೀಲಗಳು ಪಡಸಾಲೆಯಲ್ಲೇ ಇರುತ್ತಿದ್ದವು. ಚೀಲ ಇದ್ದಲ್ಲಿ ಇಲಿ. ಇಲಿ ಇದ್ದಲ್ಲಿ ಬೆಕ್ಕು. ಅವರ ಮನೆಯಲ್ಲೂ ಒಂದು ಬಿಳಿ ಬೆಕ್ಕು ಇತ್ತು.

ಕಾಳಿನ ಚೀಲಕ್ಕೂ ಬೆಕ್ಕಿಗೂ ಇರುವ ನಂಟು ಇಂದಿನದಲ್ಲ. ಸೈಪ್ರಸ್ ಎಂಬ ದ್ವೀಪದಲ್ಲಿ ನೆಲ ಅಗೆದಾಗ ಒಂದು ಸಮಾಧಿ ಸಿಕ್ಕಿತು. ಅದು ಸುಮಾರು 9,500 ವರ್ಷ ಹಳೆಯದು. ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನೂ ಹೂಳಿದ್ದರು. ಜನ ಬೆಳೆ ಬೆಳೆದು ಕಾಳು ಕೂಡಿಡಲು ಕಲಿತರು. ಕಾಳಿಗೆ ಇಲಿ ಬಂತು. ಇಲಿಯ ಬೆನ್ನು ಹತ್ತಿ ಬೆಕ್ಕು ತಾನಾಗಿಯೇ ಮನೆಗೆ ಬಂತು.

ಒಂದು ವರ್ಷ ಈ ಮನೆಯಲ್ಲಿ ಇಲಿ ಬಹಳ ಆದವು. ಗಂಡ ಇಲಿ ಪಾಷಾಣದ ಪೊಟ್ಟಣ ತಂದ. ಸೊಸೆ ಅದನ್ನು ಹಿಟ್ಟಿನಲ್ಲಿ ಕಲಸಿ ಉಂಡೆ ಮಾಡಿದಳು. ಚೀಲಗಳ ಹಿಂದೆ ಇಟ್ಟಳು. ಮರುದಿನ ಒಂದು ಇಲಿ ತೂರಾಡುತ್ತ ಹೊರಗೆ ಬಂತು. ಬಿಳಿ ಬೆಕ್ಕು ಅದನ್ನು ಹಿಡಿದು ತಿಂದಿತು. ಸಂಜೆಗೆ ವಾಂತಿ ಮಾಡಿಕೊಂಡಿತು. ಬೆಳಗಾಗುವುದರೊಳಗೆ ಸತ್ತಿತು.

ಆಗ ಸೊಸೆಗೆ ಓದಲು ಬರುತ್ತಿರಲಿಲ್ಲ. ಮುಂದೆ ಅವಳು ರಾತ್ರಿ ಪಾಠಕ್ಕೆ ಹೋದಳು. ಅಕ್ಷರ ಕೂಡಿಸಿ ಓದಲು ಕಲಿತಳು. ಒಂದು ದಿನ ಗೂಡಿನಲ್ಲಿ ಹಳೆಯ ಪೊಟ್ಟಣ ಕೈಗೆ ಸಿಕ್ಕಿತು. ಒಂದೊಂದೇ ಅಕ್ಷರ ಓದಿದಳು. ಮಕ್ಕಳಿಂದ, ಸಾಕುಪ್ರಾಣಿಗಳಿಂದ ದೂರ ಇಡಬೇಕು ಎಂದು ಅದರಲ್ಲಿ ಬರೆದಿತ್ತು.

ಅವಳಿಗೆ ಕೈಕಾಲು ತಣ್ಣಗಾದವು. ಆ ಉಂಡೆ ಇಟ್ಟಾಗ ಕೂಸು ಅಂಬೆಗಾಲು ಇಡುತ್ತಿತ್ತು. ಚೀಲಗಳ ಸಂದಿಯಲ್ಲೇ ಆಡುತ್ತಿತ್ತು.

ನೀವೂ ನೋಡಿರಿ. ಹೊಲಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಯ ಮೇಲೆ, ವಿಷದ ಪೊಟ್ಟಣದ ಮೇಲೆ ಒಂದು ಗುರುತು ಇರುತ್ತದೆ. ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದ ಹಾಗೆ ಕಾಣುತ್ತದೆ. ಅದರ ಕೆಳಗಿನ ಅರ್ಧಕ್ಕೆ ಬಣ್ಣ ಇರುತ್ತದೆ. ಕೆಂಪು ಇದ್ದರೆ ಅತಿ ಘೋರ ವಿಷ. ಹಳದಿ ಇದ್ದರೆ ಅದಕ್ಕಿಂತ ಸ್ವಲ್ಪ ಕಡಿಮೆ. ಆಮೇಲೆ ನೀಲಿ, ಆಮೇಲೆ ಹಸಿರು. ಹಸಿರು ಇದೆ ಎಂದು ಅಡುಗೆ ಮನೆಯಲ್ಲಿ ಇಡಬೇಡಿರಿ.

ಆ ವರ್ಷ ಹಬ್ಬಕ್ಕೆ ಸೊಸೆ ತವರಿಗೆ ಹೋದಳು. ಅವಳ ತವರು ಬ್ಯಾಡಗಿ. ಬ್ಯಾಡಗಿ ಮೆಣಸಿನಕಾಯಿ ಎಲ್ಲರಿಗೂ ಗೊತ್ತು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಹೆಚ್ಚು. ಆದರೂ ಮೆಣಸಿನ ಧೂಳು ಧೂಳೇ. ತವರಿನ ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಕುಳಿತು ತೊಟ್ಟು ಬಿಡಿಸುತ್ತಿದ್ದರು. ಮೂಲೆಯ ಗೋಣಿಚೀಲದ ಮೇಲೆ ಬೆಕ್ಕೊಂದು ನಾಲ್ಕು ಮರಿ ಹಾಕಿತ್ತು.

"ಒಂದ ಮರಿ ಒಯ್ಯಿ ಯವ್ವಾ. ಇಲ್ಲಿ ಘಾಟಿಗೆ ಸೀನಿ ಸೀನಿ ಕಣ್ಣಾಗ ನೀರ ಬರಾಕ ಹತ್ತ್ಯಾವು" ಎಂದಳು ತಾಯಿ.

ಮೈಮೇಲೆ ಕಪ್ಪು ಚುಕ್ಕೆ ಇದ್ದ ಹೆಣ್ಣು ಮರಿಯನ್ನು ಸೊಸೆ ಬುಟ್ಟಿಯಲ್ಲಿ ತಂದಳು. ಚುಕ್ಕಿ ಎಂದು ಹೆಸರಿಟ್ಟಳು.

ಈ ಸಲ ಬೆಕ್ಕನ್ನು ಹೊರಗೆ ಬಿಡುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದಳು. ಹೊರಗೆ ರಾಷ್ಟ್ರೀಯ ಹೆದ್ದಾರಿ 48. ಹಿಂದೆ ಅದಕ್ಕೆ ಹೆದ್ದಾರಿ 4 ಎನ್ನುತ್ತಿದ್ದರು. ಹಗಲು ರಾತ್ರಿ ಲಾರಿ ಓಡುತ್ತವೆ. ಓಣಿಯಲ್ಲಿ ನಾಯಿಗಳ ಹಿಂಡು. ಮತ್ತೆ ಯಾರ ಮನೆಯಲ್ಲಿ ಪಾಷಾಣ ಇಟ್ಟಿದ್ದಾರೋ ಯಾರಿಗೆ ಗೊತ್ತು?

ಎರಡು ತಿಂಗಳು ಎಲ್ಲ ಸರಿ ಇತ್ತು. ಆಮೇಲೆ ಚುಕ್ಕಿಯ ಹಾವಳಿ ಶುರುವಾಯಿತು. ಚೀಲ ಕೆರೆದು ಕೆರೆದು ಗೋವಿನಜೋಳ ಚೆಲ್ಲಿತು. ಹಗ್ಗದ ಮೇಲಿನ ಸೀರೆ ಎಳೆದು ಕೆಡವಿತು. ಮೊಮ್ಮಗ ಓಡಾಡಿದರೆ ಸಾಕು, ಅವನ ಕಾಲಿಗೆ ಜಿಗಿಯಿತು. ಬೆಳಗಿನ ನಾಲ್ಕಕ್ಕೆ ಎದ್ದು ಪಾತ್ರೆ ಉರುಳಿಸಿತು.

"ಇದಕ್ಕ ದೆವ್ವ ಬಡದೇತಿ. ಚೀಲದಾಗ ಹಾಕ್ಕೊಂಡು ಹೋಗಿ ಸಂತ್ಯಾಗ ಬಿಟ್ಟ ಬಾ" ಎಂದಳು ಅತ್ತೆ.

"ಒಂದ ವಾರ ತಡೀರಿ ಅತ್ತಿ" ಎಂದಳು ಸೊಸೆ. ಮರುದಿನ ಬುಟ್ಟಿಗೆ ಬಟ್ಟೆ ಕಟ್ಟಿ ಚುಕ್ಕಿಯನ್ನು ಪಶು ಆಸ್ಪತ್ರೆಗೆ ಒಯ್ದಳು.

ಡಾಕ್ಟರು ಬಾಯಿ, ಕಿವಿ, ಹೊಟ್ಟೆ ಎಲ್ಲ ನೋಡಿದರು. "ಹಗಲೆಲ್ಲ ಇದು ಏನ್ ಮಾಡತೈತವ್ವಾ?" ಎಂದು ಕೇಳಿದರು.

"ಏನೂ ಇಲ್ಲರಿ. ಮನ್ಯಾಗ ಸುಮ್ಮನ ಇರತೈತಿ."

"ಅದ ನೋಡು ಜಡ್ಡು. ಇದಕ್ಕ ಮಾಡಾಕ ಕೆಲಸ ಇಲ್ಲ."

ಅವರು ತಿಳಿಸಿ ಹೇಳಿದರು. ಬೆಕ್ಕು ಬೇಟೆಯ ಪ್ರಾಣಿ. ಅದು ಹೊಂಚು ಹಾಕಬೇಕು. ತೆವಳಬೇಕು. ಜಿಗಿದು ಹಿಡಿಯಬೇಕು. ಕಚ್ಚಬೇಕು. ಆಮೇಲೆ ತಿನ್ನಬೇಕು. ತಿಂದಾದ ಮೇಲೆ ಮೈ ನೆಕ್ಕಿಕೊಂಡು ಮಲಗಬೇಕು. ಹೊಟ್ಟೆ ತುಂಬಿದ್ದರೂ ಈ ಆಸೆ ಹೋಗುವುದಿಲ್ಲ. ಬಾಗಿಲು ಮುಚ್ಚಿ ಸಾಕಿದರೆ ಬೇಟೆಯನ್ನು ಮನೆಯೊಳಗೇ ಕೊಡಬೇಕು. ಇಲ್ಲದಿದ್ದರೆ ಕೂಸಿನ ಕಾಲೇ ಅದಕ್ಕೆ ಇಲಿ.

"ಪ್ಯಾಟ್ಯಾಗ ಆಟದ ಸಾಮಾನು ತರಬೇಕೇನ್ರಿ?"

"ಯಾಕ? ನಿಮ್ಮ ಮನ್ಯಾಗ ಚಿಂದಿ ಇಲ್ಲೇನು?"

ಮನೆಗೆ ಬಂದು ಸೊಸೆ ಹಳೆಯ ಬಟ್ಟೆಯ ಗಂಟು ಮಾಡಿದಳು. ಅದನ್ನು ಬಟ್ಟೆಯ ಪಟ್ಟಿಯಿಂದ ಉದ್ದನೆಯ ಕೋಲಿಗೆ ಬಿಗಿದಳು. ಚುಕ್ಕಿಯ ಮುಖದ ಮುಂದೆ ಹಿಡಿದಳು. ಚುಕ್ಕಿ ಮುಖ ತಿರುಗಿಸಿತು. ಮತ್ತೆ ಹಿಡಿದಳು. ಎದ್ದು ಹೋಯಿತು.

ಅಟ್ಟಕ್ಕೆ ಒರಗಿ ಕುಳಿತ ಅತ್ತೆ ನಕ್ಕಳು. "ಯಾವ ಇಲಿ ತಾನಾಗಿ ಬೆಕ್ಕಿನ ಬಾಯಾಗ ಬರತೈತಿ? ತಾ ಇಲ್ಲಿ."

ಅತ್ತೆ ಕೋಲು ತೆಗೆದುಕೊಂಡಳು. ಗಂಟನ್ನು ನೆಲದ ಮೇಲೆ ಸರ್ರನೆ ಎಳೆದಳು. ನಿಲ್ಲಿಸಿದಳು. ಚೀಲದ ಮರೆಗೆ ಸರಿಸಿದಳು. ತುದಿ ಮಾತ್ರ ಅಲುಗಾಡಿಸಿದಳು. ಚುಕ್ಕಿಯ ಕಿವಿ ನಿಮಿರಿದವು. ಹೊಟ್ಟೆ ನೆಲಕ್ಕೆ ಹತ್ತಿತು. ಹಿಂಗಾಲು ಅಲುಗಿದವು. ಒಂದೇ ಜಿಗಿತ! ಗಂಟು ಬಾಯಲ್ಲಿ.

ಬೆಕ್ಕಿನ ಕಣ್ಣಿಗೆ ಬಣ್ಣಕ್ಕಿಂತ ಚಲನೆ ಮುಖ್ಯ. ಓಡುವ ವಸ್ತು, ಅಡಗುವ ವಸ್ತು ಅದನ್ನು ಸೆಳೆಯುತ್ತದೆ. ಆಡಿಸುವಾಗ ನಡುನಡುವೆ ಹಿಡಿಯಲು ಬಿಡಬೇಕು. ಒಮ್ಮೆಯೂ ಸಿಗದಿದ್ದರೆ ಅದಕ್ಕೆ ಸಿಟ್ಟು ಬರುತ್ತದೆ. ಬೆಳಿಗ್ಗೆ ಹತ್ತು ಹದಿನೈದು ನಿಮಿಷ, ರಾತ್ರಿ ಹತ್ತು ಹದಿನೈದು ನಿಮಿಷ ಸಾಕು. ಆಟ ಮುಗಿದ ಕೂಡಲೇ ತಿನ್ನಲು ಕೊಡಬೇಕು. ಮಲಗುವ ಮೊದಲು ಹೀಗೆ ಆಡಿಸಿ ತಿನ್ನಿಸಿದ ಮೇಲೆ ಚುಕ್ಕಿ ಬೆಳಗಿನ ನಾಲ್ಕಕ್ಕೆ ಪಾತ್ರೆ ಉರುಳಿಸುವುದು ಕಡಿಮೆ ಆಯಿತು. ಕೈಬೆರಳಿನಿಂದ ಮಾತ್ರ ಆಡಿಸಬಾರದು. ಕೈಯೂ ಕಚ್ಚುವ ವಸ್ತು ಎಂದು ಅದು ಕಲಿಯುತ್ತದೆ.

ಕಾಳು ಬಿಡಿಸಿದ ಗೋವಿನಜೋಳದ ತೆನೆ ಉರುಳಿಸಲು ಚೆನ್ನಾಗಿದೆ. ಕಿರಾಣಿ ಅಂಗಡಿಯ ರಟ್ಟಿನ ಡಬ್ಬಿಗೆ ಎರಡು ಕಡೆ ಬಾಗಿಲು ಕೊರೆದರೆ ಅದೇ ಅದರ ಅರಮನೆ. ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಅಲ್ಲಲ್ಲಿ ತೂತು ಮಾಡಿ ಒಳಗೆ ಒಣ ಆಹಾರ ಹಾಕಿದರೆ, ಉರುಳಿಸಿ ಉರುಳಿಸಿ ಒಂದೊಂದೇ ಕಾಳು ತೆಗೆದು ತಿನ್ನುತ್ತದೆ. ತೂತಿನ ಅಂಚು ಚೂಪಾಗಿ ಇರಬಾರದು. ಎಲ್ಲ ಆಟಿಕೆ ಒಮ್ಮೆಲೇ ಕೊಡಬೇಡಿರಿ. ಎರಡು ಕೊಟ್ಟು ಉಳಿದದ್ದು ಮುಚ್ಚಿಡಿರಿ. ನಾಲ್ಕು ದಿನ ಬಿಟ್ಟು ತೆಗೆದರೆ ಹಳೆಯದೇ ಹೊಸದಾಗುತ್ತದೆ.

ಚೀಲ ಕೆರೆಯುವುದಕ್ಕೂ ಕಾರಣ ಇದೆ. ಬೆಕ್ಕಿನ ಉಗುರಿನ ಮೇಲಿನ ಹಳೆಯ ಪೊರೆ ಕಳಚಬೇಕು. ಅದಕ್ಕೆ ಅದು ಕೆರೆಯುತ್ತದೆ. ಹೊಡೆದರೆ ಬಿಡುವುದಿಲ್ಲ. ಬೇರೆ ಜಾಗ ಕೊಡಬೇಕು. ಗಂಡ ಪಡಸಾಲೆಯ ಕಂಬಕ್ಕೆ ಹಳೆಯ ಗೋಣಿಚೀಲ ಸುತ್ತಿ ಹಗ್ಗದಿಂದ ಬಿಗಿದ. ಚುಕ್ಕಿ ಹಿಂಗಾಲ ಮೇಲೆ ನಿಂತು ಮೈ ಚಾಚಿ ಕೆರೆಯುವಷ್ಟು ಎತ್ತರ. ಕಿಟಕಿಗೆ ಜಾಳಿಗೆ ಹೊಡೆದು ಒಳಗೆ ಒಂದು ಹಲಗೆ ಇಟ್ಟ. ಬೆಕ್ಕಿಗೆ ಎತ್ತರದ ಜಾಗ ಇಷ್ಟ. ಅಲ್ಲಿ ಕುಳಿತು ಅದು ಗುಬ್ಬಿ, ಅಳಿಲು, ಬಸ್ಸು ಎಲ್ಲ ನೋಡುತ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿರಿ. ದಾರ ಕೊಡಬೇಡಿರಿ. ಸೂಜಿ ದಾರ, ಹೊಲಿಗೆ ಮಷಿನ್ನಿನ ದಾರ, ರಬ್ಬರ್, ಹೇರ್‌ಪಿನ್ನು ಯಾವುದೂ ಬೇಡ. ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ. ದಾರ ಬಾಯಿಗೆ ಹೋದರೆ ಉಗುಳುವುದು ಕಷ್ಟ. ನುಂಗುತ್ತಲೇ ಹೋಗುತ್ತದೆ. ಲಂಗದ ಲಾಡಿ ಎಳೆದರೆ ಬಟ್ಟೆ ಹೇಗೆ ನೆರಿಗೆ ಸೇರುತ್ತದೆ? ಹಾಗೆ ಕರುಳು ನೆರಿಗೆ ಸೇರುತ್ತದೆ, ಹರಿಯುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ಜೋತಾಡುವುದು ಕಂಡರೆ ಎಳೆಯಬೇಡಿರಿ. ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಕೋಲಿನ ಆಟಿಕೆಯನ್ನೂ ಆಟ ಮುಗಿದ ಮೇಲೆ ಎತ್ತಿಡಬೇಕು. ಬೆಕ್ಕಿಗೆ ಮೈ ಬಿಸಿ ಎಂದು ನಮ್ಮ ಜ್ವರದ ಗುಳಿಗೆಯನ್ನೂ ಕೊಡಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಉಳ್ಳಾಗಡ್ಡಿ, ಬೆಳ್ಳುಳ್ಳಿಯೂ ಆಗುವುದಿಲ್ಲ.

ಊಟದ ವಿಷಯಕ್ಕೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಡಾಕ್ಟರು ಹೇಳಿದ್ದರು: ಬೆಕ್ಕು ಮಾಂಸ ತಿನ್ನುವ ಪ್ರಾಣಿ. ಹಾಲು ರೊಟ್ಟಿ ಅದಕ್ಕೆ ಸಾಲುವುದಿಲ್ಲ. ಹೊರಗೆ ತಿರುಗುವ ಬೆಕ್ಕು ಇಲಿ ಹಿಡಿದು ಕೊರತೆ ತುಂಬಿಕೊಳ್ಳುತ್ತದೆ. ಮನೆಯೊಳಗಿನ ಬೆಕ್ಕಿಗೆ ಆ ದಾರಿ ಇಲ್ಲ. ಮಾಂಸದಲ್ಲಿರುವ ಒಂದು ಸತ್ವ ಸಿಗದಿದ್ದರೆ ಕಾಲಕ್ರಮದಲ್ಲಿ ಕಣ್ಣು ಹೋಗಬಹುದು, ಹೃದಯ ಸೋಲಬಹುದು.

"ನಮ್ಮ ಮನ್ಯಾಗ ಮೀನ? ಮಠದವರು ಏನಂದಾರು?" ಎಂದು ಅತ್ತೆ ಎದ್ದು ಹೋದಳು. ಎರಡು ದಿನ ಸೊಸೆಯ ಜೊತೆ ಮಾತಿಲ್ಲ.

ಮೂರನೆಯ ದಿನ ಅತ್ತೆಯೇ ಕೇಳಿದಳು. "ಪ್ಯಾಕೀಟಿನಾಗ ಬರತೈತಂತಲ್ಲ, ಅದನ್ನ ಹಿತ್ತಲದಾಗ ಇಟ್ಟರ ಆಗತೈತೇನು?" ಈಗ ಬೆಕ್ಕಿನ ಆಹಾರದ ಪೊಟ್ಟಣ ಹಿತ್ತಲ ಬಾಗಿಲ ಗೂಡಿನಲ್ಲಿ ಇರುತ್ತದೆ. ಚುಕ್ಕಿಯ ತಟ್ಟೆ ಬೇರೆ. ಹಾಲಿನ ಬಟ್ಟಲು ತೆಗೆದು ನೀರಿನ ಬಟ್ಟಲು ಇಟ್ಟಿದ್ದಾರೆ. ಬಹಳಷ್ಟು ದೊಡ್ಡ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಹಾಲು ಕಂಡರೆ ಓಡುವ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳಿದ್ದೀರಲ್ಲ. ಅದು ಬಾಯಿ ಸುಟ್ಟುಕೊಂಡು ಓಡಿತ್ತು, ಆ ಮಾತು ಬೇರೆ.

ಒಂದು ಅಗಲ ಬುಟ್ಟಿಯಲ್ಲಿ ಎರಡು ಮೂರು ಬೆರಳು ಮರಳು ಹಾಕಿ ಮೂಲೆಯಲ್ಲಿ ಇಟ್ಟರು. ಅದು ಚುಕ್ಕಿಯ ಪಾಯಖಾನೆ. ಊಟದ ಜಾಗದಿಂದ ದೂರ ಇರಬೇಕು. ದಿನಾ ತೆಗೆಯಬೇಕು. ಆರು ತಿಂಗಳಿಗೆ ಹೆಣ್ಣು ಬೆಕ್ಕು ಬೆದೆಗೆ ಬಂದು ರಾತ್ರಿಯೆಲ್ಲ ಕೂಗುತ್ತದೆ. ಅದು ಆಟಕ್ಕೆ ನಿಲ್ಲುವ ಕೂಗಲ್ಲ. ಸಂತಾನ ಶಸ್ತ್ರಚಿಕಿತ್ಸೆಯ ಬಗ್ಗೆ, ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಬಗ್ಗೆ ಪಶು ಆಸ್ಪತ್ರೆಯಲ್ಲಿ ಕೇಳಿರಿ. ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ ಅರಿಸಿನ, ಸುಣ್ಣ ಹಚ್ಚಬೇಡಿರಿ. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಸರಕಾರಿ ಆಸ್ಪತ್ರೆಗೆ ಹೋಗಿರಿ.

ಅಷ್ಟರಲ್ಲಿ ಹಾವೇರಿಯಿಂದ ಸುದ್ದಿ ಬಂತು. ಅಲ್ಲಿ ಅವಳ ತಂಗಿಯ ಗಂಡನ ಮನೆ. ತಂಗಿ ಐದು ತಿಂಗಳ ಬಸುರಿ. "ಬಸುರಿ ಇದ್ದ ಮನ್ಯಾಗ ಬೆಕ್ಕ ಇರಬಾರದು, ಒಯ್ದು ಬಿಡ್ರಿ" ಎಂದು ಅಲ್ಲಿ ಯಾರೋ ಹೇಳಿದ್ದರು. ಅದು ಚುಕ್ಕಿಯ ಜೊತೆ ಹುಟ್ಟಿದ ಮರಿ. ಸೊಸೆ ಫೋನ್ ಮಾಡಬಹುದಿತ್ತು. ಆದರೂ ಕಾರ್ಡು ತಂದು ಬರೆದಳು. ಅವಳು ಬರೆದ ಮೊದಲ ಪತ್ರ ಅದು.

"ತಂಗಿಗೆ ಅಕ್ಕನ ಆಶೀರ್ವಾದ. ನಾವೆಲ್ಲ ಆರಾಮ ಇದ್ದೇವಿ. ಬೆಕ್ಕ ಒಯ್ದು ಬಿಡೂದು ಬ್ಯಾಡ. ಅದರ ಹೇಲಿನಾಗ ಒಂದೊಂದು ಸಲ ಕಣ್ಣಿಗೆ ಕಾಣದ ಜೀವಿ ಇರತೈತಿ. ಬಸುರಿ ಬಾಯಿಗೆ ಹೋದರ ಕೂಸಿಗೆ ತ್ರಾಸ ಆಗಬಹುದು ಅಂತ ಡಾಕ್ಟರು ಹೇಳ್ಯಾರ. ಅದಕ್ಕ ಮರಳಿನ ಬುಟ್ಟಿ ನೀ ಮುಟ್ಟಬ್ಯಾಡ. ಮಾವನವರು ದಿನಾ ತಗೀಲಿ. ಆ ಜೀವಿ ಒಂದು ದಿನ ದಾಟಿದ ಮ್ಯಾಲೆ ಹತ್ತತೈತಿ, ಅದಕ್ಕ ದಿನಾ ತಗೀಬೇಕು. ಬೆಕ್ಕ ಇಲಿ ತಿನ್ನಾಕ ಹೊರಗ ಹೋಗದಂಗ ನೋಡ್ರಿ. ಕಾಯಿಪಲ್ಯ ತೊಳದು ತಿನ್ನು. ಮಣ್ಣು ಮುಟ್ಟಿದರ ಕೈ ತೊಳಕೊ. ನಿಮ್ಮ ಮನ್ಯಾಗ ಏಲಕ್ಕಿ ಹಾರ ಗೋಡೆಗೆ ಹಾಕೀರಿ. ಅದರ ಜರಿ ದಾರ ಬೆಕ್ಕಿನ ಕೈಗೆ ಸಿಗದಂಗ ಮ್ಯಾಲೆ ಕಟ್ರಿ. ಚಿಂದಿ ಗಂಟು ಮಾಡಿ ಕೋಲಿಗೆ ಕಟ್ಟಿ ಆಡಸು. ಕುಂತಲ್ಲೇ ಆಡಸಬಹುದು, ಬಗ್ಗೂದು ಬೇಕಾಗಿಲ್ಲ. ಕುಬುಸಕ್ಕ ನಾನೂ ಅತ್ತಿನೂ ಬರತೇವಿ. ಚುಕ್ಕಿ ಮನಿ ಕಾಯತೈತಿ."

ಓದಿ ಉತ್ತರ ಹೇಳಿರಿ

ಬಿಳಿ ಬೆಕ್ಕು ಯಾಕೆ ಸತ್ತಿತು? ಪೊಟ್ಟಣದ ಮೇಲೆ ಏನು ಬರೆದಿತ್ತು?

ಚುಕ್ಕಿ ಮೊದಲು ಗಂಟು ಹಿಡಿಯಲಿಲ್ಲ. ಅತ್ತೆ ಆಡಿಸಿದಾಗ ಯಾಕೆ ಹಿಡಿಯಿತು?

ನಿಮ್ಮ ಮನೆಯಲ್ಲಿರುವ ಒಂದು ಔಷಧಿ ಅಥವಾ ಎಣ್ಣೆಯ ಡಬ್ಬಿ ತನ್ನಿರಿ. ಗುರುತಿನ ಬಣ್ಣ ಯಾವುದು ನೋಡಿರಿ. ಅದರ ಮೇಲಿನ ಮೂರು ಪದಗಳನ್ನು ಓದಿ ಇಲ್ಲಿ ಬರೆಯಿರಿ. ಬರೆದ ಮೇಲೆ ಕೈ ತೊಳೆಯಿರಿ.