ಬಯಲ ಗುಡಿ, ಬೆಟ್ಟದ ದಾರಿ

ಬೇಲೂರು, ಹಳೇಬೀಡುಗಳ ಹೆಸರು ಬಂದೊಡನೆ ಶಿಲ್ಪದ ಮಾತು ಮೊದಲಾಗುತ್ತದೆ. ಸೋಮನಾಥಪುರದೊಡನೆ ಇವೆರಡೂ 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ನೋಡುಗರ ಕಣ್ಣು ಮದನಿಕೆಯರನ್ನು ಬಿಟ್ಟು ಕದಲದು. ಆದರೆ ಈ ಸೀಮೆಯ ಒಕ್ಕಲು ಮಕ್ಕಳು ಹರಕೆ ಹೊತ್ತು ಏರುವ ಬೆಟ್ಟಗಳ ಕಥೆ ಬೇರೆಯೇ ಇದೆ.

ಅರಸೀಕೆರೆಯ ಸಮೀಪದಲ್ಲಿ ಮಾಲೇಕಲ್ಲು ತಿರುಪತಿ. ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳನ್ನೇರಿದರೆ ವೆಂಕಟರಮಣನ ಸನ್ನಿಧಿ. ಜನರ ಬಾಯಲ್ಲಿ ಇದು ಚಿಕ್ಕ ತಿರುಪತಿ. ರೈಲು, ಮೋಟಾರುಗಳಿಲ್ಲದ ಕಾಲದಲ್ಲಿ ಏಳು ಬೆಟ್ಟಗಳ ತಿರುಮಲೆಗೆ ಹೋಗಿಬರುವುದೆಂದರೆ ಬೇಸಾಯಗಾರನಿಗೆ ವಾರಗಟ್ಟಲೆಯ ಪಯಣ. ಬಿತ್ತನೆಯ ಹದವೋ ಯಾರಿಗೂ ಕಾಯದು. ಹಳೇಬೀಡಿನ ಪಕ್ಕದ ಪುಷ್ಪಗಿರಿಯಲ್ಲಿಯೂ ಇಂತಹುದೇ ಒಂದು ನಂಟು ಕಾಣುತ್ತದೆ. ಅಲ್ಲಿನ ಹೊಯ್ಸಳರ ಕಾಲದ ಗುಡಿಯ ದೇವರು ಮಲ್ಲಿಕಾರ್ಜುನ. ಆ ಹೆಸರು ಶ್ರೀಶೈಲದ್ದು. ಅಲ್ಲಮಪ್ರಭು, ಅಕ್ಕಮಹಾದೇವಿಯರ ಪಯಣ ಕೊನೆಗೊಂಡಿತೆನ್ನುವ ಕದಳಿಯೂ ಅಲ್ಲಿಯದೇ. ದೂರದ ಗಿರಿಗಳ ಹೆಸರು ಹೀಗೆ ಊರ ಬೆಟ್ಟಗಳಿಗೆ ಇಳಿದು ಬಂದಿದೆ. ಇದು ಬಡವರ ಯಾತ್ರೆಯೆಂದು ಹಗುರಾಗಿ ಕಾಣುವವರೂ ಉಂಟು. ಏರುವವನ ಮೊಣಕಾಲಿಗೆ ಮಾತ್ರ ಆ ಭೇದ ತಿಳಿಯದು.

ಯಾದಾಪುರದ ಜೇನುಕಲ್ಲು ಸಿದ್ಧೇಶ್ವರ ಬೆಟ್ಟ ಯಾವ ದೂರದ ಕ್ಷೇತ್ರದ ಹೆಸರನ್ನೂ ಎರವಲು ಪಡೆದಿಲ್ಲ. ಹುಣ್ಣಿಮೆಯ ದಿನಗಳಲ್ಲಿ ಅಲ್ಲಿ ಭಕ್ತರ ಸಾಲು ಮೆಟ್ಟಿಲು ತುಂಬುತ್ತದೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವವರಿಗೆ ಬೆಟ್ಟವೇರುವ ಅಗತ್ಯವಿಲ್ಲ, ಆದರೂ ಏರುತ್ತಾರೆ.

ಬೇಲೂರಿನಲ್ಲಾದರೋ ಯಾತ್ರಿಕನು ಸ್ವತಃ ದೇವರು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವನು ಬಾಬಾಬುಡನ್ ಗಿರಿಯಲ್ಲಿರುವ ದೇವಿಯನ್ನು ಕಾಣಲು ಆಗಾಗ ಹೋಗಿಬರುತ್ತಾನೆಂಬ ಐತಿಹ್ಯವನ್ನು ಬಿ. ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಈ ನಡಿಗೆಗೆಂದು ಗುಡಿಯಲ್ಲಿ ಒಂದು ಜೊತೆ ದೊಡ್ಡ ಮೆಟ್ಟುಗಳನ್ನು ಇರಿಸಲಾಗುತ್ತಿತ್ತು. ಅವು ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚರ್ಮಕಾರರಿಗೆ ಕನಸಿನಲ್ಲಿ ಸೂಚನೆಯಾಗುತ್ತಿತ್ತಂತೆ. ಅವರು ಹೊಸ ಜೊತೆ ಹೊಲಿದು ತರಬೇಕು. ಅದನ್ನು ಒಪ್ಪಿಸುವ ಸಲುವಾಗಿ ಅವರಿಗೆ ಗುಡಿಯ ಅಂಗಳದವರೆಗೆ ಪ್ರವೇಶವಿತ್ತು.

ಕಲಾವಿಮರ್ಶಕರು ಈ ಸಂಗತಿಯನ್ನು ಒಂದು ವಿನೋದವೆಂಬಂತೆ ದಾಟಿ ಹೋಗುವುದುಂಟು. ಅದು ಸಲ್ಲದು. ಬೆಟ್ಟದ ಕಲ್ಲುಮುಳ್ಳು ದೇವರ ಕಾಲನ್ನೂ ನೋಯಿಸುತ್ತದೆಂದು ನಂಬಿದ ಜನ, ಆ ಕಾಲಿಗೆ ಮೆಟ್ಟು ಹೊಲಿದವರನ್ನು ಅಂಗಳದಲ್ಲಿಯೇ ನಿಲ್ಲಿಸಿದರು. ಸಂವಿಧಾನವು 1950ರಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿದಾಗ ಕಾನೂನಿನ ಮಟ್ಟಿಗೆ ಆ ಗೆರೆ ಅಳಿಯಿತು. ಅದಕ್ಕೆ ಮುಂಚೆ ಎಷ್ಟು ತಲೆಮಾರಿನವರು ಮೆಟ್ಟುಗಳನ್ನು ಹೊತ್ತು ಚನ್ನಗಿರಿಯಿಂದ ಬಂದು, ಒಪ್ಪಿಸಿ, ಒಳಗೆ ಕಾಲಿಡದೆ ಹಿಂದಿರುಗಿದರೋ, ಗೆಜೆಟಿಯರು ಬರೆದಿಲ್ಲ.