ಸೆಜಿನ್‌ಕೋಟ್ ಸೌಧ

ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿ ಸಂಪತ್ತನ್ನಾರ್ಜಿಸಿ ಸ್ವದೇಶಕ್ಕೆ ಮರಳಿದ ಕರ್ನಲ್ ಜಾನ್ ಕಾಕರೆಲ್ 1795ರಲ್ಲಿ ಕೊಂಡು, 1798ರಲ್ಲಿ ಆತನು ಮೃತನಾಗಲು ಸೋದರ ಚಾರ್ಲ್ಸನಿಗೆ ಸಂದ ಗ್ಲೌಸ್ಟರ್‌ಷೈರಿನ ಸೆಜಿನ್‌ಕೋಟ್ ಜಹಗೀರಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಆರಂಭದೊಳಗೆ ತಲೆಯೆತ್ತಿದ ಸೌಧವು ಆಂಗ್ಲ ಗ್ರಾಮಸೌಧಗಳ ಪಂಕ್ತಿಯಲ್ಲಿ ವಿಲಕ್ಷಣವಾದುದು. ಇದರ ಶಿಲ್ಪಿ ಇನ್ನೊಬ್ಬ ಸೋದರನಾದ ಸ್ಯಾಮ್ಯುಯೆಲ್ ಪೀಪ್ಸ್ ಕಾಕರೆಲ್. ಭಾರತವನ್ನು ಕಣ್ಣಾರೆ ಕಾಣದ ಈತನಿಗೆ, ಇಲ್ಲಿ ಸಂಚರಿಸಿ ಚಿತ್ರಗಳನ್ನು ರಚಿಸಿದ್ದ ಥಾಮಸ್ ಡೇನಿಯಲ್ ಮಾರ್ಗದರ್ಶಕನಾದನು.

ತಾಮ್ರದ ಹೊದಿಕೆಯುಳ್ಳ ಈರುಳ್ಳಿಯಾಕಾರದ ಗುಮ್ಮಟ, ಮೂಲೆಗಳ ಛತ್ರಿಗಳು, ಮುಂಚಾಚಿದ ಅಗಲವಾದ ಛಜ್ಜಾ, ಇವುಗಳಿಂದ ಹೊರಮೈ ಮೊಘಲ್ ಶೈಲಿಯದಾಗಿದ್ದರೂ ಒಳಾಂಗಣವು ಸಂಪೂರ್ಣ ಅಭಿಜಾತ ಯೂರೋಪೀಯವೇ. ಉದ್ಯಾನದಲ್ಲಾದರೋ ಸೂರ್ಯನ ಗುಡಿಯೂ, ಸೇತುವೆಯ ಮೇಲೆ ನಂದಿಗಳೂ ಇವೆ. ಮಸೀದಿಯ ಗುಮ್ಮಟಕ್ಕೂ ಶೈವ ವೃಷಭಕ್ಕೂ ಭೇದವೆಣಿಸದ ಈ ಮಿಶ್ರಣವು ಶಾಸ್ತ್ರಶುದ್ಧವಲ್ಲದಿದ್ದರೂ ಮನೋಹರವೆಂದೇ ಹೇಳಬೇಕು.

ಇದನ್ನು ಸಂದರ್ಶಿಸಿದ ಯುವರಾಜನು, ಮುಂದೆ ನಾಲ್ಕನೆಯ ಜಾರ್ಜ್ ದೊರೆಯಾದವನು, ತನ್ನ ಬ್ರೈಟನ್ ಅರಮನೆಯನ್ನೂ ಭಾರತೀಯ ರೂಪದಲ್ಲಿ ಮಾರ್ಪಡಿಸಿಕೊಂಡನು. 1815ರಲ್ಲಿ ಆರಂಭವಾದ ಆ ಪುನರ್ನಿರ್ಮಾಣದ ಶಿಲ್ಪಿ ಜಾನ್ ನ್ಯಾಶ್.